ಆಪಲ್ ಮೂರು ಸಲ ಪ್ರೊಸೆಸರ್ ಬದಲಿಸಿದ ಕಥೆ

ಒಂದು ಪ್ರೊಸೆಸರ್‌ಗೆ ಬರೆದ ಸಾಫ್ಟ್‌ವೇರ್ ಇನ್ನೊಂದರ ಮೇಲೂ ಓಡುವಂತೆ ಮಾಡುವುದು ನನ್ನ ಕೆಲಸ. ಪೋರ್ಟಿಂಗ್ ಅಂತೀವಿ. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಗೆಳೆಯರು ಕೇಳೋದು ಒಂದೇ: ಯಾವ ಚಿಪ್ ಫಾಸ್ಟ್? ನನಗೆ ಜಾಸ್ತಿ ಕುತೂಹಲ ಇರೋದು ಬೇರೆ ವಿಷಯದಲ್ಲಿ. ನಾಳೆ ಆ ಚಿಪ್ ಕೈಕೊಟ್ಟರೆ ಬೇರೆಯದಕ್ಕೆ ಹೋಗಲು ಈ ಕಂಪನಿಯ ಸಾಫ್ಟ್‌ವೇರ್ ತಯಾರಿದೆಯಾ? ಆ ತಯಾರಿಗೆ ದುಡ್ಡು, ಜನ ಕೊಡಬೇಕೋ ಬೇಡವೋ ಅನ್ನೋದು ಮೇಲೆ ಕೂತವರ ತೀರ್ಮಾನ.

ಆಪಲ್ ಕಥೆ ನೋಡಿ. 1984ರ ಮೆಕಿಂತೋಷ್‌ನಲ್ಲಿದ್ದದ್ದು ಮೊಟೊರೊಲಾ 68000 ಎಂಬ ಚಿಪ್. 1991ರಲ್ಲಿ, ಜಾನ್ ಸ್ಕಲ್ಲಿ ಸಿಇಒ ಆಗಿದ್ದಾಗ, ಆಪಲ್, ಐಬಿಎಂ, ಮೊಟೊರೊಲಾ ಮೂರೂ ಸೇರಿ ಪವರ್‌ಪಿಸಿ ಎಂಬ ಹೊಸ ಚಿಪ್ ಮಾಡಲು ಹೊರಟವು. 1994ರಲ್ಲಿ ಮ್ಯಾಕ್‌ಗೆ ಬಂದ ಆ ಚಿಪ್ ನಿಜಕ್ಕೂ ಚೆನ್ನಾಗಿತ್ತು. ಹಳೆಯ ಪ್ರೋಗ್ರಾಮುಗಳು ಎಮ್ಯುಲೇಟರ್ ಮೂಲಕ, ಅಂದರೆ ಹಳೆಯ ಚಿಪ್‌ನಂತೆ ನಟಿಸುವ ಸಾಫ್ಟ್‌ವೇರ್ ಮೂಲಕ, ಓಡಿದವು. ತಮಾಷೆ ಏನಂದ್ರೆ, ಆಪರೇಟಿಂಗ್ ಸಿಸ್ಟಮ್‌ನ (ಓಎಸ್) ದೊಡ್ಡ ಭಾಗವೂ ಹಳೆಯ ಚಿಪ್‌ನ ಕೋಡ್ ಆಗಿಯೇ ಉಳಿದು, ಅದೇ ಎಮ್ಯುಲೇಟರ್‌ನಲ್ಲಿ ಓಡುತ್ತಿತ್ತು! ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಯಂತ್ರವೇ ನಿಂತುಹೋಗುವ ಕಾಯಿಲೆಯೂ ಹಾಗೇ ಇತ್ತು. ಹೊಸ ಸಿಸ್ಟಮ್ ಬರೆಯುವ ಕೋಪ್‌ಲ್ಯಾಂಡ್ ಯೋಜನೆ 1996ರಲ್ಲಿ ರದ್ದಾಯಿತು. ಸ್ಕಲ್ಲಿ ನಂತರ ಸ್ಪಿಂಡ್ಲರ್, ಆಮೇಲೆ ಅಮೆಲಿಯೊ ಸಿಇಒ ಆದರು. 1997ರ ಆರ್ಥಿಕ ವರ್ಷದ ನಷ್ಟ 100 ಕೋಟಿ ಡಾಲರ್ ದಾಟಿತು.

ಆದರೆ ಅಮೆಲಿಯೊ ಒಂದು ದೊಡ್ಡ ಕೆಲಸ ಮಾಡಿ ಹೋದರು, ಅದರ ಹೆಸರು ಅವರಿಗೆ ಸರಿಯಾಗಿ ಸಿಗಲೇ ಇಲ್ಲ. ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ಕೊಂಡರು. ನೆಕ್ಸ್ಟ್‌ನ ಕಂಪ್ಯೂಟರ್‌ಗಳು ಅಷ್ಟಾಗಿ ಮಾರಾಟವಾಗದೆ 1993ರಲ್ಲಿ ಹಾರ್ಡ್‌ವೇರನ್ನೇ ಬಿಟ್ಟಿದ್ದರು. ಹೊಟ್ಟೆಪಾಡಿಗೆ ಅವರ ಸಿಸ್ಟಮ್ ಬೇರೆಯವರ ಯಂತ್ರಗಳ ಮೇಲೆ ಓಡಲೇಬೇಕಾಯಿತು: ಮೊಟೊರೊಲಾ ಜೊತೆಗೆ ಇಂಟೆಲ್, ಸ್ಪಾರ್ಕ್, ಎಚ್‌ಪಿ ಚಿಪ್‌ಗಳ ಮೇಲೂ. ಮುಂದೆ ಮ್ಯಾಕ್ ಓಎಸ್ ಟೆನ್ ಆದದ್ದು ಇದೇ.

2003ರಲ್ಲಿ ಜಾಬ್ಸ್, ಒಂದು ವರ್ಷದೊಳಗೆ 3 ಗಿಗಾಹರ್ಟ್ಜ್ ವೇಗದ ಜಿ5 (ಐಬಿಎಂ ಮಾಡುತ್ತಿದ್ದ ಪವರ್‌ಪಿಸಿ ಚಿಪ್) ಅಂತ ವೇದಿಕೆಯ ಮೇಲೆ ಮಾತು ಕೊಟ್ಟರು. 2005 ಬಂದರೂ 2.7ರಲ್ಲೇ ನಿಂತಿತ್ತು. ಬಿಸಿ ಎಷ್ಟಿತ್ತೆಂದರೆ ಕೆಲವು ಮಾಡೆಲ್‌ಗಳಿಗೆ ದ್ರವದ ಕೂಲಿಂಗ್ ಬೇಕಾಗಿತ್ತು, ಲ್ಯಾಪ್‌ಟಾಪ್‌ಗಂತೂ ಅದು ಬರಲೇ ಇಲ್ಲ. ಐಬಿಎಂಗೆ ಸರ್ವರ್‌ಗಳಿದ್ದವು, ಗೇಮ್ ಕನ್ಸೋಲ್‌ಗಳ ಆರ್ಡರ್ ಇತ್ತು. ಮ್ಯಾಕ್‌ಗಾಗಿ ಯಾಕೆ ತಲೆ ಕೆಡಿಸಿಕೊಳ್ತಾರೆ, ಅಲ್ವಾ? ಅದೇ ವರ್ಷದ ಜೂನ್‌ನಲ್ಲಿ ಜಾಬ್ಸ್ ಇಂಟೆಲ್‌ಗೆ ಹೋಗ್ತೀವಿ ಅಂದರು. ಐದು ವರ್ಷಗಳಿಂದ ಓಎಸ್‌ನ ಪ್ರತಿ ಆವೃತ್ತಿಯನ್ನೂ ಗುಟ್ಟಾಗಿ ಇಂಟೆಲ್ ಮೇಲೂ ಓಡುವಂತೆ ಕಂಪೈಲ್ ಮಾಡಿಟ್ಟಿದ್ದೆವು ಅಂತಲೂ ಹೇಳಿದರು.

ಇದು ಸುಮ್ನೆ ಆಗುವ ಕೆಲಸವಲ್ಲ. ಕಂಪ್ಯೂಟರ್ ದೊಡ್ಡ ಸಂಖ್ಯೆಯನ್ನು ಬೈಟ್ ಎಂಬ ತುಂಡುಗಳಾಗಿ ಸಾಲಾಗಿ ಇಡುತ್ತದೆ. ಪವರ್‌ಪಿಸಿ ಮ್ಯಾಕ್ ಹೆಚ್ಚು ಬೆಲೆಯ ಬೈಟನ್ನು ಮೊದಲು ಇಡುತ್ತದೆ, ಇಂಟೆಲ್ ಕಡಿಮೆ ಬೆಲೆಯದನ್ನು. ಎಚ್ಚರ ತಪ್ಪಿದರೆ ಹಳೆಯ ಫೈಲಿನಲ್ಲಿ 1 ಅಂತ ಬರೆದದ್ದು ಹೊಸ ಯಂತ್ರದಲ್ಲಿ 1,67,77,216 ಆಗಿ ಕಾಣುತ್ತದೆ. ಇಂಥವನ್ನು ಹುಡುಕಿ ಹುಡುಕಿ ಸರಿಮಾಡುತ್ತಾ, ಮಾರಾಟಕ್ಕೇ ಇಲ್ಲದ ಆವೃತ್ತಿಯನ್ನು ಐದು ವರ್ಷ ಸಾಕುವುದಕ್ಕೆ ಒಪ್ಪುವ ಬಾಸ್‌ಗಳು ನನ್ನ ಅನುಭವದಲ್ಲಿ ತೀರಾ ಕಮ್ಮಿ.

ಮೂರನೇ ಬದಲಾವಣೆ ಟಿಮ್ ಕುಕ್ ಕಾಲದ್ದು, ಬೀಜ ಹಾಕಿದ್ದು ಮೊದಲೇ. 2008ರಲ್ಲೇ ಆಪಲ್ ಪಿ.ಎ. ಸೆಮಿ ಎಂಬ ಚಿಪ್ ಕಂಪನಿಯನ್ನು ಕೊಂಡಿತ್ತು. ಐಫೋನ್‌ಗೆ ಚಿಪ್ ಮಾಡುವ ಅವಕಾಶ ಬಂದಾಗ ಇಂಟೆಲ್‌ನ ಸಿಇಒ ಪಾಲ್ ಒಟೆಲಿನಿ ಲಾಭವಿಲ್ಲ ಅಂತ ಬಿಟ್ಟಿದ್ದರು. ಆಮೇಲೆ ಇಂಟೆಲ್‌ನ 10 ನ್ಯಾನೊಮೀಟರ್ ಚಿಪ್‌ಗಳು ವರ್ಷಗಟ್ಟಲೆ ತಡವಾದಾಗ ಆಪಲ್ ಬಳಿ ಐಫೋನ್ ಚಿಪ್‌ನಲ್ಲಿ ಪಳಗಿದ ತಂಡವಿತ್ತು. 2020ರ ನವೆಂಬರ್‌ನಲ್ಲಿ ಆಪಲ್‌ನದೇ ಡಿಸೈನಿನ ಎಂ1 ಚಿಪ್ ಬಂತು, ಮ್ಯಾಕ್‌ಬುಕ್ ಏರ್‌ನಿಂದ ಫ್ಯಾನ್ ಮಾಯವಾಯಿತು. ಓಎಸ್‌ನ ಬುಡ ಐಫೋನ್‌ನಲ್ಲಿ 2007ರಿಂದಲೇ ಆರ್ಮ್ ಮೇಲೆ, ಅಂದರೆ ಎಂ1 ಕೂಡ ಸೇರುವ ಚಿಪ್ ಬಗೆಯ ಮೇಲೆ, ಓಡುತ್ತಿತ್ತು. ಬೈಟುಗಳ ಸಾಲೂ ಈ ಸಲ ಇಂಟೆಲ್‌ನದ್ದೇ. ನಮ್ಮಂಥವರಿಗೆ ಕೆಲಸ ಕಮ್ಮಿ!

ಈಗ ಡಿಸೈನ್ ಆಪಲ್‌ನದೇ ಆದರೂ ಚಿಪ್ ತಯಾರಾಗುವುದು ತೈವಾನ್‌ನ ಟಿಎಸ್‌ಎಂಸಿಯಲ್ಲಿ. ಒಂದು ಹಂಗು ಹೋಗಿ ಇನ್ನೊಂದು ಬಂದಿದೆ. ನಮಗೂ ಒಂದು ಹಂಗಿದೆ: ಈ ಮ್ಯಾಕ್‌ಬುಕ್‌ಗಳಿಗೆ ಆಮೇಲೆ ರ‍್ಯಾಮ್ ಹಾಕಿಸಲು ಆಗಲ್ಲ, ಎಷ್ಟು ಬೇಕೋ ಕೊಳ್ಳುವಾಗಲೇ ನೋಡಿ ಕೊಳ್ಳಿ.