ಡ್ರೋನಿನ ಮಗ್ಗುಲ ಮುಳ್ಳು

"ಸೆನ್ಸರಿಗೆ ಒಂದು ಸುತ್ತು ಅಲ್ಯುಮಿನಿಯಂ ಫಾಯಿಲ್ ಸುತ್ತಿಬಿಡಿ, ಮುಗೀತು." ಕಾಂತಮಾಪಕ, ಅಂದರೆ ಕಾಂತಕ್ಷೇತ್ರದ ಏರಿಳಿತದಿಂದ ನೆಲದಡಿಯ ಕಬ್ಬಿಣವನ್ನು ಪತ್ತೆಹಚ್ಚುವ ಸೆನ್ಸರು, ಅದನ್ನು ಹೊತ್ತ ಡ್ರೋನ್ ಕಟ್ಟುವವರಿಗೆ ಇಂಥ ಬಿಟ್ಟಿ ಸಲಹೆ ತಪ್ಪಿದ್ದಲ್ಲ. ಡ್ರೋನಿನ ಸ್ವಂತ ಕಾಂತತ್ವ ಅಳತೆ ಕೆಡಿಸದಿರಲಿ ಎಂದು ಈ ಉಪದೇಶ. ಫಾಯಿಲ್ ರೇಡಿಯೊ ಅಲೆಯನ್ನು ತಡೆದೀತು. ನಿಧಾನವಾಗಿ ಬದಲಾಗುವ ಕಾಂತಕ್ಷೇತ್ರಕ್ಕೆ ಮಾತ್ರ ಅದು ಇದ್ದೂ ಇಲ್ಲದ ಹಾಗೆ. ಕಬ್ಬಿಣದ ಡಬ್ಬಿಯೊಳಗಿಟ್ಟರೆ? ತಡೆಯುತ್ತದೆ, ಆದರೆ ನಾವು ಅಳೆಯಬೇಕಾದದ್ದನ್ನೂ ತಡೆಯುತ್ತದೆ. ಗದ್ದಲ ಬೇಡವೆಂದು ಕಿವಿಗೆ ಹತ್ತಿ ತುರುಕಿಕೊಂಡು ಕಛೇರಿ ಕೇಳಲು ಕೂತಂತೆ.

ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 41,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಏಕಮಾನ). ಕುದುರೆಮುಖದಂಥ ಮ್ಯಾಗ್ನೆಟೈಟ್ ಅದಿರಿನ ಬೆಟ್ಟವಾದರೆ ಎಂಥ ಸೆನ್ಸರಿಗೂ ಕಾಣುತ್ತದೆ. ಮಣ್ಣಡಿ ಹೂತುಹೋದ ಸಿಡಿಯದ ಬಾಂಬು ತೋರಿಸುವ ಏರಿಳಿತ ಎಷ್ಟೋ ಸಲ ಬರೀ ಕೆಲವು ನ್ಯಾನೊಟೆಸ್ಲಾ. ಈಗ ಡ್ರೋನನ್ನು ನೋಡಿ: 20 ಆಂಪಿಯರ್ ಹರಿಯುವ ಒಂಟಿ ವೈರಿನಿಂದ 10 ಸೆಂ.ಮೀ. ದೂರದಲ್ಲಿ 40,000 ನ್ಯಾನೊಟೆಸ್ಲಾ! ಬ್ಯಾಟರಿಯ ಪಕ್ಕದಲ್ಲೇ ಇನ್ನೊಂದು ಭೂಮಿ ಇದ್ದ ಹಾಗಾಯಿತು.

ಎಲ್ಲರೂ ಮೋಟರಿನ ಅಯಸ್ಕಾಂತವನ್ನು ಬೈಯುತ್ತಾರೆ. ಅದು ಬಲು ವೇಗವಾಗಿ ತಿರುಗುವುದರಿಂದ ಅದರ ಗುಂಯ್‌ಗುಡುವಿಕೆಯನ್ನು ಸೋಸಿ ತೆಗೆಯುವುದು ಸುಲಭ. ನಿಜವಾದ ಕಳ್ಳ ಬ್ಯಾಟರಿಯ ಕರೆಂಟು. ಗಾಳಿ ಬೀಸಿತು, ಡ್ರೋನ್ ತಡಬಡಾಯಿಸಿ ಹೆಚ್ಚು ಕರೆಂಟು ಎಳೆಯಿತು, ಸೆನ್ಸರು ಮಾತ್ರ ಕೆಳಗೇನೋ ಸಿಕ್ಕಿತೆಂದು ಬರೆದುಕೊಂಡಿತು.

ಈ ಪೀಡೆ ಹೊಸದಲ್ಲ. ಮುಂಬಯಿಯ ಕೊಲಾಬಾ ವೀಕ್ಷಣಾಲಯ 1840ರ ದಶಕದಿಂದಲೂ ಭೂಕಾಂತತ್ವ ಅಳೆಯುತ್ತಿತ್ತು. ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದು ಗೊತ್ತಾದಾಗ ವೀಕ್ಷಣಾಲಯದ ನಿರ್ದೇಶಕ ಮೂಸ್ ಗೋಡೆ ಕಟ್ಟಲಿಲ್ಲ, ಉಪಕರಣಗಳ ಕೆಲಸವನ್ನೇ ಊರಾಚೆಯ ಅಲಿಬಾಗಿಗೆ ಸಾಗಿಸಿದರು. 1904ರಲ್ಲಿ ಅಲ್ಲಿ ಅಳತೆ ಶುರುವಾಯಿತು. ಕಟ್ಟಡಕ್ಕೆ ತಂದದ್ದು ಪೋರಬಂದರಿನ ಕಾಂತಗುಣವಿಲ್ಲದ ಕಲ್ಲು. 1906ರ ತನಕ ಎರಡೂ ಕಡೆ ಒಟ್ಟಿಗೆ ಅಳೆದು ಹಳೆಯ ಲೆಕ್ಕಕ್ಕೆ ಹೊಸದನ್ನು ಹೊಂದಿಸಿದರು.

ಡ್ರೋನಿಗೂ ಮೊದಲ ಮದ್ದು ಅದೇ: ದೂರ. ಪುಟ್ಟ ಅಯಸ್ಕಾಂತದ ಪ್ರಭಾವ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಎರಡರಷ್ಟು ದೂರ ಹೋದರೆ ಎಂಟನೇ ಒಂದು, ಮೂರರಷ್ಟಾದರೆ ಇಪ್ಪತ್ತೇಳನೇ ಒಂದು. ಹಾಗಾಗಿ ಸೆನ್ಸರನ್ನು ಕೆಲವು ಮೀಟರ್ ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಬಾವಿಗೆ ಬಿಟ್ಟ ಕೊಡದ ಹಾಗೆ ಅದು ತೂಗಾಡುತ್ತದೆ, ಅದು ಬೇರೆ ತಲೆನೋವು.

ನನಗೆ ಅಚ್ಚುಮೆಚ್ಚು ಎರಡನೆಯ ಉಪಾಯ, ವೈರು ಹೆಣೆಯುವುದು. ಬ್ಯಾಟರಿಯಿಂದ ಹೋಗುವ ಕರೆಂಟು ಅಷ್ಟೇ ವಾಪಸೂ ಬರಬೇಕಲ್ಲ? ಮೈಸೂರಿಗೆ ಹೋದ ಬಸ್ಸುಗಳೆಲ್ಲ ವಾಪಸು ಬಂದರೆ, ದೂರ ನಿಂತು ಎಣಿಸುವವನಿಗೆ ಉಳಿಯುವುದು ಸೊನ್ನೆ. ಒಂಟಿ ವೈರಿನ 20 ಆಂಪಿಯರ್ ಒಂದು ಮೀಟರ್ ಆಚೆ 4,000 ನ್ಯಾನೊಟೆಸ್ಲಾ ಕೊಟ್ಟರೆ, ಹೋಗುವ ಬರುವ ವೈರುಗಳನ್ನು 5 ಮಿ.ಮೀ. ಅಂತರದಲ್ಲಿ ಜೊತೆಯಾಗಿ ಎಳೆದಾಗ ಅದು 20ಕ್ಕೆ ಇಳಿಯುತ್ತದೆ. ಆ 20 ಉಳಿಯುವುದು ಒಂದು ವೈರು ಸೆನ್ಸರಿಗೆ ಕೂದಲಷ್ಟು ಹತ್ತಿರ ಇರುವುದರಿಂದ. ಜಡೆಯಂತೆ ಹೆಣೆದರೆ ಒಮ್ಮೆ ಇದು ಹತ್ತಿರ, ಮುಂದಿನ ಸುತ್ತಿಗೆ ಅದು ಹತ್ತಿರ. ಏತಪಾತದ ಮೇಲೆ ಕೂತ ಇಬ್ಬರು ಮಕ್ಕಳಂತೆ ಯಾರೂ ಗೆಲ್ಲುವುದಿಲ್ಲ.

ಬ್ಯಾಟರಿಯ ಹೊಟ್ಟೆಯೊಳಗಿನ ಸುತ್ತನ್ನು ಹೆಣೆಯಲಾಗದು. ಅಲ್ಲಿ ಕರೆಂಟನ್ನು ಅಳೆಯುತ್ತಾ ಹೋಗಿ ಆಮೇಲೆ ಲೆಕ್ಕದಲ್ಲಿ ಕಳೆಯಬೇಕು. ಡ್ರೋನಿನ ಮೈಯಲ್ಲಿರುವ ಕಬ್ಬಿಣದ ಚೂರುಗಳ ತಂಟೆಗೆ ಟೋಲ್ಸ್ ಮತ್ತು ಲಾಸನ್ ಎಂಬ ಇಬ್ಬರು ಸಂಶೋಧಕರು ಕೊಟ್ಟ ಸೂತ್ರವಿದೆ. ಅದರ ಬೇರು ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ಹುಡುಕುತ್ತಿದ್ದ ವಿಮಾನಗಳಲ್ಲಿದೆ. ಎತ್ತರಕ್ಕೆ ಏರಿ, ನಾಲ್ಕೂ ದಿಕ್ಕಿಗೆ ಹಾರಿಸಿ, ಮೂತಿ ಎತ್ತಿ ಇಳಿಸಿ, ಮೈ ವಾಲಿಸಿ, ಎಡಬಲ ಹೊರಳಿಸಿ ಯಂತ್ರದ ಸ್ವಂತ ಕಾಂತತ್ವವನ್ನು ಗುರುತಿಸುವುದು. ಕೆಳಗಿದ್ದವರಿಗೆ ಆಕಾಶಕ್ಕೆ ಆರತಿ ಎತ್ತಿದಂತೆ ಕಂಡೀತು.

ಉತ್ತರಕ್ಕೆ ತಲೆಯಿಟ್ಟರೆ ರಕ್ತದ ಕಬ್ಬಿಣವನ್ನು ಭೂಮಿ ಎಳೆಯುತ್ತದೆ ಎನ್ನುವವರು ಈ ಸರ್ವೆಯನ್ನೊಮ್ಮೆ ನೋಡಬೇಕು. ಆಪರೇಟರನ ರಕ್ತವನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಜೇಬಿನ ಕೀ ಗೊಂಚಲನ್ನು ಮಾತ್ರ ಬಿಚ್ಚಿಡಿಸುತ್ತಾರೆ. ಸೆನ್ಸರಿನ ಪಕ್ಕದ ಹಿತ್ತಾಳೆ ಸ್ಕ್ರೂ ಕಳೆದುಹೋಗಿ ಯಾರೋ ಉಕ್ಕಿನದನ್ನು ತಿರುಗಿಸಿಬಿಟ್ಟರೆ, ಆರತಿ ಮತ್ತೆ ಮೊದಲಿನಿಂದ.