ಚಳಿಯ ನಾಡಿನಲ್ಲಿ ತೆಳು ಮಸ್ಲಿನ್

ಮತಿಭ್ರಮಣೆಗೊಳಗಾದ ದೊರೆ ಮೂರನೇ ಜಾರ್ಜ್ ಪರವಾಗಿ ಮಗ ಇಂಗ್ಲೆಂಡನ್ನು ಆಳಿದ ಕಾಲ, 1811ರಿಂದ 1820. ಆಗಿನ ಸಿರಿವಂತ ಹೆಣ್ಣುಮಕ್ಕಳ ಸಂಜೆಯುಡುಪನ್ನು ಚಿತ್ರಗಳಲ್ಲಿ ಕಂಡವರಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಇವರಿಗೆ ಚಳಿಯಾಗುತ್ತಿರಲಿಲ್ಲವೇ? ತಗ್ಗಿದ ಕತ್ತು, ಗಿಡ್ಡ ತೋಳು, ಎದೆಯ ಕೆಳಗೇ ಕಟ್ಟಿದ ನಡು, ಅಲ್ಲಿಂದ ಪಾದದವರೆಗೆ ಇಳಿಬಿದ್ದ ಮಸ್ಲಿನ್ ಎಂಬ ತೆಳು ಬಿಳಿ ಹತ್ತಿಬಟ್ಟೆ.

ಉತ್ತರ ಬೇಕಿದ್ದರೆ ಬಟ್ಟೆಗಿಂತ ಮೊದಲು ನೃತ್ಯದ ಸಭಾಂಗಣವನ್ನು ನೋಡಬೇಕು. ಬಾತ್ ಪಟ್ಟಣದ ಪ್ರಸಿದ್ಧ ಸಭಾಂಗಣದಲ್ಲಿ ಐದು ಗಾಜಿನ ತೂಗುದೀಪಗಳಿದ್ದವು, ಒಂದೊಂದರಲ್ಲೂ 40 ಮೇಣದಬತ್ತಿ. ಉರಿಯುವ ಒಂದು ಬತ್ತಿ ಹೊಮ್ಮಿಸುವ ಶಕ್ತಿ ಸುಮಾರು 80 ವ್ಯಾಟ್. ಅದರಲ್ಲಿ ಬೆಳಕಾಗುವುದು ಅತ್ಯಲ್ಪ, ಉಳಿದದ್ದೆಲ್ಲ ಶಾಖ. ಇನ್ನೂರು ಬತ್ತಿಗೆ ಲೆಕ್ಕ ಹಾಕಿದರೆ 16,000 ವ್ಯಾಟ್, ಅಂದರೆ ಒಂದು ಕಿಲೋವ್ಯಾಟಿನ ಹದಿನಾರು ರೂಮ್ ಹೀಟರ್ ಒಟ್ಟಿಗೆ ಹಚ್ಚಿದ ಹಾಗೆ! ಇದರ ಮೇಲೆ ಕುಣಿಯುವವರ ಮೈಶಾಖ ಬೇರೆ. ಜೋರಾಗಿ ಕುಣಿಯುವ ಒಬ್ಬೊಬ್ಬರ ದೇಹವೂ ನೂರಾರು ವ್ಯಾಟ್ ಶಾಖ ಹೊರಹಾಕುತ್ತದೆ. ಬೆವರು ಆರಲು ಬರಿಯ ಕತ್ತು, ಗಾಳಿಯಾಡುವ ಹತ್ತಿ ಎರಡೂ ಬೇಕೇ ಬೇಕು. ಬೀಸಣಿಗೆ ಬರೀ ಬಿಂಕಕ್ಕಲ್ಲ. ಮೊಣಕೈ ದಾಟುವ ಕೈಗವಸು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಶಿಷ್ಟಾಚಾರ, ಅದಕ್ಕೆ ಭೌತಶಾಸ್ತ್ರ ಗೊತ್ತಿಲ್ಲ.

ಅಪಾಯ ಇದ್ದದ್ದು ಬೇರೆ ಕಡೆ. ಹತ್ತಿಯೆಂದರೆ ಬಹುಪಾಲು ಸೆಲ್ಯುಲೋಸ್, ಸುಲಭವಾಗಿ ಉರಿಯುವ ಸಸ್ಯದ ನಾರು. ತೆಳುವಾಗಿ ನೇಯ್ದ ಬಟ್ಟೆಯ ಎರಡೂ ಬದಿಗೆ ಆಮ್ಲಜನಕ ಸಿಗುವುದರಿಂದ, ಒಲೆಯ ಒಂದು ಕಿಡಿ ಉಡುಪಿನ ಅಂಚಿಗೆ ತಾಗಿದರೂ ಜ್ವಾಲೆ ಸರಸರನೆ ಮೇಲೇರುತ್ತದೆ. ಉಣ್ಣೆ ಹಾಗಲ್ಲ. ಅದರಲ್ಲಿ ಸಾರಜನಕವೂ ತೇವವೂ ಹೆಚ್ಚು, ಸುಲಭವಾಗಿ ಹೊತ್ತಿಕೊಳ್ಳದು.

ಹಗಲಿನ ನಡಿಗೆಗೆ ಹೊರಟಾಗ ಈ ಉಣ್ಣೆಯೇ ಆಸರೆ. ಮಸ್ಲಿನ್ ಮೇಲೆ ನಡುವಿನವರೆಗಿನ ಗಿಡ್ಡ ಸ್ಪೆನ್ಸರ್ ಜಾಕೆಟ್, ಇಲ್ಲವೇ ಉದ್ದನೆಯ ಪೆಲೀಸ್ ಕೋಟು, ತಲೆಗೆ ಬಾನೆಟ್, ಕಾಲಿಗೆ ಅರ್ಧ ಬೂಟು. ಅನುಕೂಲವಿದ್ದವರ ಹೆಗಲಿಗೆ ಕಾಶ್ಮೀರಿ ಶಾಲು. ಆ ಶಾಲಿನ ಪಶ್ಮೀನಾ ಉಣ್ಣೆಯ ಎಳೆಯ ದಪ್ಪ ಸುಮಾರು 14 ಮೈಕ್ರಾನ್, ನಮ್ಮ ತಲೆಗೂದಲಿನ ಐದರಲ್ಲೊಂದು ಪಾಲು. ಎಳೆ ಸಣ್ಣದಾದಷ್ಟೂ ನಡುವೆ ಅಲುಗದೆ ನಿಲ್ಲುವ ಗಾಳಿ ಹೆಚ್ಚು; ಬೆಚ್ಚಗಿಡುವುದು ಆ ಗಾಳಿಯೇ. ಕಾಶ್ಮೀರದ ಶಾಲು ಕೊಳ್ಳಲಾಗದವರಿಗಾಗಿ ಸ್ಕಾಟ್ಲೆಂಡಿನ ಪೇಯ್ಸ್ಲಿ ನೇಕಾರರು ಅದರ ನಕಲು ನೇಯ್ದರು.

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಗಂಧಕದ ಕಣಗಳು ಬಿಸಿಲಿಗೆ ಅಡ್ಡ ನಿಂತವು. ಮರುವರ್ಷ ಮಧ್ಯ ಇಂಗ್ಲೆಂಡಿನಲ್ಲಿ ಜುಲೈ ತಿಂಗಳ ಸರಾಸರಿ ತಾಪಮಾನ 13.4 ಡಿಗ್ರಿ ಸೆಲ್ಸಿಯಸ್. 1659ರಿಂದ ಇರುವ ದಾಖಲೆಯಲ್ಲಿ ಅಷ್ಟು ತಣ್ಣನೆಯ ಜುಲೈ ಇನ್ನೊಂದಿಲ್ಲ. ಆ ಬೇಸಿಗೆಯಲ್ಲಿ ಬರೀ ಮಸ್ಲಿನ್ ತೊಟ್ಟು ತಿರುಗಾಡಲು ಧೈರ್ಯವೇ ಬೇಕಿತ್ತು.