ಚವಳಿಕಾಯಿ ಒಳಗೂ ಒಣಗಿದೆಯೇ?

ರೋಹಿಣಿ ಮಳೆ ಹತ್ತಿರವಾದಂತೆ ವಿಜಯಪುರದ ಮಾಳಿಗೆಗಳ ಮೇಲೆ ಅವಸರ ಹೆಚ್ಚುತ್ತದೆ. ಬೇಸಿಗೆಯುದ್ದಕ್ಕೂ ಕೊಡಪಾನದಿಂದ ನೀರುಣಿಸಿ ಹಿತ್ತಲಿನಲ್ಲಿ ಉಳಿಸಿಕೊಂಡ ಚವಳಿಕಾಯಿ (ಗೋರಿಕಾಯಿ), ಬೆಂಡೆ, ಹಾಗಲ ಮತ್ತು ಮೆಣಸಿನಕಾಯಿಗಳ ಕೊನೆಯ ಕೊಯ್ಲು ಹಳೆಯ ಸೀರೆಗಳ ಮೇಲೆ ಹರಡಿರುತ್ತದೆ; ಪಡುವಣದಲ್ಲಿ ಮೋಡ ಕಂಡ ದಿನ ಅದೆಲ್ಲ ಒಮ್ಮೆಲೇ ಡಬ್ಬಿ ಸೇರುತ್ತದೆ. ತರಕಾರಿ ಸಂಸ್ಕರಣೆಯ ತರಬೇತಿ ಕೊಡುವ ನನ್ನ ಬಳಿಗೆ ಆಷಾಢದಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ದಿನದಲ್ಲಿಯೇ. ಯಾವ ಕಾಯಿಯನ್ನು ಎಳೆಯದಾಗಿರುವಾಗಲೇ ಕೊಯ್ಯಬೇಕು, ಯಾವುದನ್ನು ಕುದಿನೀರಿನಲ್ಲಿ ಅದ್ದಿ ತೆಗೆಯಬೇಕು ಎಂಬುದನ್ನು ನಮ್ಮ ಭಾಗದ ಹೆಣ್ಣುಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಮೇಲೆ ಒಣಗಿದ ಕಾಯಿ ಒಳಗೂ ಒಣಗಿರಬೇಕೆಂದೇನಿಲ್ಲ ಎಂಬ ಮಾತನ್ನು ಮಾತ್ರ ಪ್ರತಿವರ್ಷ ಹೇಳುತ್ತೇನೆ, ಪ್ರತಿವರ್ಷವೂ ಅದು ಗಾಳಿಗೆ ಹೋಗುತ್ತದೆ.

ಮುದ್ದೇಬಿಹಾಳದ ಕಡೆಯ ಒಬ್ಬ ಹಿರಿಯರು ತರಬೇತಿಗೆ ತಮ್ಮ ಸ್ಟೀಲ್ ಡಬ್ಬಿಯನ್ನೇ ಹೊತ್ತು ತಂದಿದ್ದರು. ಮೇಲಿನ ಪದರಿನ ಚವಳಿಕಾಯಿ ಗಲಗಲ ಎನ್ನುತ್ತಿತ್ತು, ಆದರೆ ಮುಚ್ಚಳದ ಒಳಮೈ ಬೆವೆತಿತ್ತು. ಕೈ ಕೆಳಗಿಳಿಸಿದರೆ ಕಾಯಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ತೊಟ್ಟಿನ ಬಳಿ ಉಗುರು ಒತ್ತಿದರೆ ಇಳಿಯುತ್ತಿತ್ತು, ಬೀಜ ಉಬ್ಬಿದ ಜಾಗಗಳಲ್ಲಿ ಬೂದುಬಣ್ಣದ ಬೂಸು ಕುಳಿತಿತ್ತು. "ಹದಿನೈದ ದಿನಾ ಬಿಸಲಾಗ ಹಾಕೀನ್ರೀ ಅಕ್ಕಾರ, ಇನ್ನೆಷ್ಟ ಒಣಗಸೂದು?" ಎಂದು ಅವರು ಕೇಳಿದಾಗ ಆ ಧ್ವನಿಯಲ್ಲಿದ್ದ ನೋವು ನನಗೆ ಅರ್ಥವಾಗಿತ್ತು. ಅವರ ಶ್ರಮದಲ್ಲಿ ಯಾವ ಕೊರತೆಯೂ ಇರಲಿಲ್ಲ. ಒಣಗಿದ್ದನ್ನು ಅವರು ದಿನಗಳಿಂದ ಅಳೆದಿದ್ದರು, ಕಾಯಿಯಿಂದ ಅಳೆದಿರಲಿಲ್ಲ.

ಮೇ ತಿಂಗಳಲ್ಲಿ ನಮ್ಮಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣಗಿರುತ್ತದೆ. ಇಂಥ ಬಿಸಿಲು ಕಾಯಿಯ ಮೇಲ್ಮೈಯ ನೀರನ್ನು ಬಹಳ ಬೇಗ ಹೀರುತ್ತದೆ. ಆದರೆ ಒಳಗಿನ ನೀರು ಅದೇ ವೇಗದಲ್ಲಿ ಹೊರಗೆ ಸರಿದು ಬರಲಾರದು, ಮೇಲ್ಪದರ ಬಿಗಿದು ಗಟ್ಟಿಯಾದಷ್ಟೂ ಅದರ ಹಾದಿ ಇನ್ನೂ ಕಿರಿದಾಗುತ್ತದೆ. ಹೀಗೆ ಒಳಗೆ ಉಳಿದ ನೀರು ಡಬ್ಬಿ ಮುಚ್ಚಿದ ಮೇಲೆ ನಿಧಾನವಾಗಿ ಹೊರಬಂದು, ಚೆನ್ನಾಗಿ ಒಣಗಿದ್ದ ಪಕ್ಕದ ಕಾಯಿಗಳನ್ನೂ ತೋಯಿಸುತ್ತದೆ. ತಿಕೋಟಾ ಭಾಗದ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಿದವರಿಗೆ ಇದು ಹೊಸದೆನಿಸಬಾರದು. ಅಲ್ಲಿ ದ್ರಾಕ್ಷಿಯನ್ನು ಉರಿಬಿಸಿಲಿಗೆ ಒಡ್ಡದೆ, ನೆರಳಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡಿ, ಗಾಳಿ ಆಡಲು ಬಿಡುತ್ತಾರೆ. ಮನೆಯ ತರಕಾರಿಗೂ ಮೊದಲೆರಡು ದಿನ ಬಿಸಿಲಿರಲಿ, ಅನಂತರ ಗಾಳಿಯಾಡುವ ನೆರಳು ಸಿಕ್ಕರೆ ಒಳ್ಳೆಯದು. ಕಾಯಿಗಳನ್ನು ಒಂದೇ ಗಾತ್ರಕ್ಕೆ ಹೆಚ್ಚಿದರೆ ಅರ್ಧ ಸಮಸ್ಯೆ ಅಲ್ಲಿಯೇ ಮುಗಿಯುತ್ತದೆ.

ಪರೀಕ್ಷೆಗೆ ಒಂದು ಸರಳ ದಾರಿಯೆಂದರೆ ತಕ್ಕಡಿ. ಹಸಿ ಚವಳಿಕಾಯಿಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುತ್ತದೆ. ಆದ್ದರಿಂದ ಒಂದು ಕಿಲೋ ಕಾಯಿ ಸರಿಯಾಗಿ ಒಣಗಿದರೆ ಹೆಚ್ಚುಕಡಿಮೆ 210ರಿಂದ 220 ಗ್ರಾಂಗೆ ಇಳಿಯಬೇಕು. ಅದು 250 ಗ್ರಾಂ ತೂಗಿದರೆ, ಕೈಗೆ ಎಷ್ಟೇ ಗರಿಗರಿ ಎನಿಸಿದರೂ ಅದರ ತೂಕದ ಐದನೆಯ ಒಂದು ಭಾಗದಷ್ಟು ನೀರು ಇನ್ನೂ ಒಳಗಿದೆ ಎಂದೇ ತಿಳಿಯಬೇಕು. ಬೆಂಡೆಯಲ್ಲಿ ನೀರು ಇನ್ನೂ ಹೆಚ್ಚು. ಒಂದು ಕಿಲೋ ಸುಮಾರು 110 ಗ್ರಾಂಗೆ ಬರುತ್ತದೆ. ತಳಿ, ಎಳಸು, ಬಲಿತದ್ದು ಎಂಬುದರ ಮೇಲೆ ಈ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಆದ್ದರಿಂದ ಇದನ್ನು ಅಂದಾಜೆಂದೇ ಇಟ್ಟುಕೊಳ್ಳಿ. ಉಪ್ಪುಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿಗೆ ಇದು ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಉಪ್ಪಿನ ತೂಕವೂ ಸೇರಿರುತ್ತದೆ. ಬಾಳಕವನ್ನು ತೊಟ್ಟಿನ ಬಳಿ ಮುರಿದು ನೋಡಬೇಕು. ಬಾಗದೆ ಪಟ್ಟನೆ ಮುರಿಯಬೇಕು.

ಮುರಿದು ನೋಡುವಾಗ ಎಲ್ಲಕ್ಕಿಂತ ದಪ್ಪನೆಯ ತುಂಡನ್ನೇ ಆರಿಸಿಕೊಳ್ಳಬೇಕು, ಮತ್ತು ಅದು ಪೂರ್ತಿ ಆರಿರಬೇಕು. ಬಿಸಿಯಾಗಿರುವ ಕಾಯಿ ಸರಿಯಾದ ಉತ್ತರ ಕೊಡುವುದಿಲ್ಲ. ಮಾಳಿಗೆಯಿಂದ ಇಳಿಸಿದ ಬಿಸಿಯಲ್ಲೇ ಮುಚ್ಚಿಟ್ಟರೆ ಒಳಗಿನ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಕಾಯಿಯ ಮೇಲೆಯೇ ಬೀಳುತ್ತದೆ. ಮಧ್ಯಾಹ್ನ ಇಳಿಸಿ, ಮನೆಯೊಳಗೆ ನೆರಳಿನಲ್ಲಿ ಒಂದು ತಾಸು ಹರಡಿ, ತಣ್ಣಗಾದ ಮೇಲೆ ತುಂಬಬೇಕು. ಅಡ್ಡಮಳೆ ಬಿದ್ದ ಮೇಲಂತೂ ರಾತ್ರಿ ಮಾಳಿಗೆಯ ಮೇಲೆ ಬಿಡಲೇಬಾರದು, ಹಗಲಿನಲ್ಲಿ ಹೋದ ತೇವವನ್ನು ಕಾಯಿ ರಾತ್ರಿಯ ತಂಪಿನಲ್ಲಿ ಮರಳಿ ಹೀರುತ್ತದೆ.

ತುಂಬಿದ ಕೂಡಲೇ ಕೆಲಸ ಮುಗಿಯಿತೆಂದು ಅಟ್ಟಕ್ಕೆ ಏರಿಸಬೇಡಿ. ಮೊದಲ ಒಂದು ವಾರ ಗಾಜಿನ ಬರಣಿಯಲ್ಲಿ ಮುಕ್ಕಾಲಕ್ಕಿಂತ ಕಡಿಮೆ ತುಂಬಿ, ಮುಚ್ಚಿ, ಕಣ್ಣಿಗೆ ಬೀಳುವ ಕಡೆ ಇಟ್ಟು ದಿನಕ್ಕೊಮ್ಮೆ ಅಲುಗಾಡಿಸಬೇಕು. ಗಾಜಿನ ಮೇಲೆ ಮಂಜು ಕಂಡರೆ, ತುಂಡುಗಳು ಅಂಟಿಕೊಂಡರೆ, ಆ ಬರಣಿಯನ್ನಷ್ಟೇ ಬರಿದು ಮಾಡಿ ಮತ್ತೆ ಒಣಗಿಸಬೇಕು. ಸ್ಟೀಲ್ ಡಬ್ಬಿ ಒಳಗಿನದನ್ನು ತೋರಿಸುವುದಿಲ್ಲವೆಂಬ ಕಾರಣಕ್ಕೇ ನಾನು ಗಾಜನ್ನು ಕೇಳುತ್ತೇನೆ. ವಾರ ಕಳೆದ ಮೇಲೆ ಸ್ಟೀಲಿಗೆ ಹಾಕಿದರೆ ಅಭ್ಯಂತರವಿಲ್ಲ, ಆದರೆ ಒಂದೇ ದೊಡ್ಡ ಡಬ್ಬಿಗಿಂತ ನಾಲ್ಕು ಸಣ್ಣವು ಲೇಸು. ಮಳೆಗಾಲದಲ್ಲಿ ಪ್ರತಿ ಸಲ ಮುಚ್ಚಳ ತೆಗೆದಾಗಲೂ ತೇವ ಒಳಗೆ ಹೋಗುತ್ತದೆ.

ಬೂಸು ಬಂದ ಡಬ್ಬಿಯ ವಿಷಯದಲ್ಲಿ ಮಾತ್ರ ನಾನು ಕಠಿಣವಾಗಿಯೇ ಇರುತ್ತೇನೆ. ಎಲ್ಲ ಬೂಸೂ ವಿಷವಲ್ಲ, ನಿಜ. ಆದರೆ ಯಾವುದು ವಿಷ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ಕೆಲವು ಬೂಸುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿಕರ, ಅದು ಒಗ್ಗರಣೆಯ ಕಾವಿಗಾಗಲಿ ಕುದಿಸುವುದರಿಂದಾಗಲಿ ನಾಶವಾಗುವುದಿಲ್ಲ. ಒರೆಸಿ, ತೊಳೆದು, ಮತ್ತೆ ಬಿಸಿಲಿಗೆ ಹಾಕಿದರೆ ಬೂಸು ಕಾಣದಾಗಬಹುದು, ವಿಷ ಹೋಗುವುದಿಲ್ಲ. "ನಾವು ತಿನ್ನೂದ ಬ್ಯಾಡ, ಎಮ್ಮಿಗರ ಹಾಕತೀನ್ರಿ" ಎಂದು ಆ ಹಿರಿಯರು ಕೊನೆಗೆ ಹೇಳಿದರು. ಅದಕ್ಕೂ ನಾನು ಒಪ್ಪಲಿಲ್ಲ. ಮೇವಿನಲ್ಲಿ ಹೋದ ಆ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ, ಆ ಹಾಲನ್ನು ಕುಡಿಯುವವರು ಮನೆಯ ಮಕ್ಕಳೇ. ಬೂಸು ಬಂದ ಕಾಯಿಯನ್ನು ದನಕರು ಮುಟ್ಟದ ಕಡೆ ಗುಂಡಿ ತೋಡಿ ಹುಗಿಯಬೇಕು, ಡಬ್ಬಿಯನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಬೇಕು.